‘ಗ್ಯಾರಂಟಿ ಜೋಡಿ’ ಆಮೆ ಮಾರಾಟದ ಬಗ್ಗೆ ದೂರು

ಗೆ,
ವ್ಯವಸ್ಥಾಪಕರು, ಗ್ರಾಹಕ ಸೇವಾ ವಿಭಾಗ

ವಿಷಯ: ರೆಡ್ ಇಯರ್ಡ್ ಸ್ಲೈಡರ್ (ನೀರಿನಲ್ಲಿ ಸಾಕುವ ಒಂದು ಬಗೆಯ ಆಮೆ) ಮರಿಗಳ ಲಿಂಗದ ಬಗ್ಗೆ ಸುಳ್ಳು ಭರವಸೆ ಮತ್ತು ತಪ್ಪು ಕೈಪಿಡಿ

ಮಾನ್ಯರೇ,

ನೀವು ಹೆಚ್ಚಿನ ಬೆಲೆಗೆ ಮಾರಿದ ‘ಜೋಡಿ’ಯಲ್ಲಿ ಒಂದು ಡಬ್ಬಿಗೆ ‘ಗಂಡು’, ಇನ್ನೊಂದಕ್ಕೆ ‘ಹೆಣ್ಣು’ ಎಂಬ ಚೀಟಿ ಅಂಟಿಸಿದ್ದೀರಿ. ಎರಡೂ 4 ಸೆಂ.ಮೀ. ಮರಿಗಳು. ಈ ಗಾತ್ರದಲ್ಲಿ ಹೊರಗಿನಿಂದ ನೋಡಿ ಗಂಡೋ ಹೆಣ್ಣೋ ಹೇಳಲು ಯಾರಿಂದಲೂ ಆಗದು. ಹೊಟ್ಟೆಯ ಚಿಪ್ಪು ಸುಮಾರು 10 ಸೆಂ.ಮೀ. ಉದ್ದ ಆಗುವವರೆಗೆ ಗಂಡಿನ ಗುರುತುಗಳು ಸರಿಯಾಗಿ ಮೂಡುವುದೇ ಇಲ್ಲ. ಇವುಗಳ ಲಿಂಗ ನಿರ್ಧಾರವಾಗುವುದು ಮೊಟ್ಟೆಗೆ ಸಿಕ್ಕ ಕಾವಿನಿಂದ: 26 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಗಂಡು, 31ರಲ್ಲಿ ಹೆಣ್ಣು. ಕಾವಿನ ದಾಖಲೆ ಇದ್ದರೆ ಕಳಿಸಿ. ಇಲ್ಲದಿದ್ದರೆ ಆ ಚೀಟಿ ಬರೀ ಊಹೆ.

ಜೊತೆಗೆ ಕೊಟ್ಟ ಕೈಪಿಡಿ ಇನ್ನೂ ಕೆಟ್ಟದ್ದು. ‘ಹೊಟ್ಟೆಯ ಚಿಪ್ಪು ತಗ್ಗಾಗಿದ್ದರೆ ಗಂಡು, ಸಪಾಟಾಗಿದ್ದರೆ ಹೆಣ್ಣು’ ಎಂದಿದೆ. ಅದು ನಕ್ಷತ್ರ ಆಮೆಯಂಥ ನೆಲದ ಆಮೆಗಳ ಗುರುತು. (ನಕ್ಷತ್ರ ಆಮೆ ಸಾಕುವುದೇ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ, ಅದು ಬೇರೆ ಮಾತು.) ಸ್ಲೈಡರ್‌ನಲ್ಲಿ ಎರಡಕ್ಕೂ ಹೊಟ್ಟೆ ಹೆಚ್ಚುಕಡಿಮೆ ಸಪಾಟೇ. ನಿಮ್ಮ ಕೈಪಿಡಿ ನಂಬಿದರೆ ಎಲ್ಲವೂ ಹೆಣ್ಣೇ!

ಸ್ಲೈಡರ್ ಬೆಳೆದ ಮೇಲೆ ನೋಡಬೇಕಾದದ್ದು ಮುಂಗಾಲಿನ ಉಗುರು ಮತ್ತು ಬಾಲ. ಗಂಡಿನ ಮುಂಗಾಲಿನ ಉಗುರುಗಳು ಎದ್ದು ಕಾಣುವಷ್ಟು ಉದ್ದ, ಹೆಣ್ಣಿನವು ಮೋಟು. ಬಾಲ ನೋಡಲು ಆಮೆಯನ್ನು ಎರಡೂ ಕೈಯಿಂದ, ಮುಂಗಾಲು ಹಿಂಗಾಲುಗಳ ನಡುವೆ ಹಿಡಿದು, ನೆಲಕ್ಕೆ ಬೀಳದಂತೆ ಬಕೆಟ್ಟಿನ ಮೇಲೆಯೇ ಎತ್ತಬೇಕು. ಹೆದರಿದ ಆಮೆ ಬಾಲವನ್ನು ಪಕ್ಕಕ್ಕೆ ಮಡಚಿಕೊಳ್ಳುತ್ತದೆ. ಸಡಿಲಿಸುವವರೆಗೆ ಕಾಯಬೇಕು, ಎಳೆಯಬಾರದು. ಬಾಲ ದಪ್ಪ, ಉದ್ದವಾಗಿದ್ದು ಅದರಲ್ಲಿನ (ಮಲಮೂತ್ರ ಹೊರಹೋಗುವ) ರಂಧ್ರ ಬೆನ್ನ ಚಿಪ್ಪಿನ ಅಂಚು ದಾಟಿದ್ದರೆ ಗಂಡು. ಬಾಲ ಗಿಡ್ಡವಿದ್ದು ರಂಧ್ರ ಅಂಚಿನ ಒಳಗೇ ಇದ್ದರೆ ಹೆಣ್ಣು.

ತಪ್ಪಿದರೆ ಆಗುವ ತೊಂದರೆ ಸಣ್ಣದಲ್ಲ. ಹೆಣ್ಣು ಗಂಡಿಲ್ಲದೆಯೂ ಮೊಟ್ಟೆ ಇಡುತ್ತದೆ. ‘ಗಂಡು’ ಎಂದು ನಂಬಿ ತೊಟ್ಟಿಯಲ್ಲಿ ನೀರಿಲ್ಲದ ಜಾಗದಲ್ಲಿ ಅಗೆಯಲು ಹಸಿಮಣ್ಣು ಇಡದಿದ್ದರೆ ಮೊಟ್ಟೆ ಒಳಗೇ ಸಿಕ್ಕಿಕೊಂಡು ಪ್ರಾಣಕ್ಕೆ ಕುತ್ತು. ಎರಡೂ ಗಂಡಾದರೆ ಒಂದೇ ತೊಟ್ಟಿಯಲ್ಲಿ ಕಚ್ಚಾಡಿ ಗಾಯ ಮಾಡಿಕೊಳ್ಳಬಹುದು.

ಆದ್ದರಿಂದ ಜೋಡಿಗೆಂದು ಪಡೆದ ಹೆಚ್ಚುವರಿ ಹಣ ಹಿಂದಿರುಗಿಸಿ. ಮರಿಗಳ ಡಬ್ಬಿಗೆ ‘ಲಿಂಗ ಗೊತ್ತಾಗಿಲ್ಲ’ ಎಂದೇ ಬರೆಯಿರಿ. ಕೈಪಿಡಿಯ ಆ ಪುಟ ತೆಗೆಯಿರಿ. 15 ದಿನದಲ್ಲಿ ಲಿಖಿತ ಉತ್ತರ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ರಲ್ಲಿ ದೂರು ದಾಖಲಿಸುತ್ತೇವೆ. ಬಿಲ್ಲು, ಚೀಟಿಗಳ ಫೋಟೊ, ಅಳತೆಪಟ್ಟಿಯ ಪಕ್ಕದಲ್ಲಿಟ್ಟು ತೆಗೆದ ಮರಿಗಳ ಫೋಟೊ ಲಗತ್ತಿಸಿದ್ದೇವೆ.

ಇಂತಿ,
ನಿಮ್ಮ ಗ್ರಾಹಕರು