ನೆಲ ನಡುಗುವ ಊರಿನಿಂದ ಗೆಳೆಯನಿಗೊಂದು ಪತ್ರ

ಪ್ರೀತಿಯ ಶರಣಪ್ಪ,

ಇಲ್ಲಿನ ಕಿಲಾವೇಯ ಜ್ವಾಲಾಮುಖಿ ಪರ್ವತದ ಬೆಂಕಿಯ ಕಾರಂಜಿಯನ್ನು ವಿಡಿಯೋದಲ್ಲಿ ನೋಡಿ, “ಅಂಥಾ ಊರಾಗ ಹ್ಯಾಂಗ ಇರ್ತಿ?” ಎಂದು ಕೇಳಿದ್ದೀಯೆ. ಬೆಂಕಿ ದೂರದಿಂದ ಕಾಣುತ್ತದೆ, ಕಂಡ ಮೇಲೆ ಎದ್ದು ಹೋಗಲು ಸಮಯವಿರುತ್ತದೆ. ಹವಾಯಿ ದ್ವೀಪದಲ್ಲಿ ನನ್ನ ನಿದ್ದೆಗೆಡಿಸಿದ್ದು ಬೆಂಕಿಯಲ್ಲ, ನೆಲದ ನಡುಕ. ಅದಕ್ಕೇ 2018ರ ಆ ಮೂರು ತಿಂಗಳ ಕಥೆಯನ್ನು ನಿನಗೆ ಬರೆಯುತ್ತಿದ್ದೇನೆ.

ಆ ವರ್ಷದ ಮೇ 3ರಂದು ಲೇಲಾನಿ ಬಡಾವಣೆಯ ರಸ್ತೆಗಳು ಬಿರಿದು ಲಾವಾ ಹೊರಬಿತ್ತು. ಮರುದಿನ ಶುಕ್ರವಾರ, ಮಧ್ಯಾಹ್ನ 12 ಗಂಟೆ 32 ನಿಮಿಷಕ್ಕೆ 6.9 ತೀವ್ರತೆಯ ಭೂಕಂಪವಾಯಿತು. ಹಿಲೋ ಪಟ್ಟಣದ ಕಚೇರಿಯಲ್ಲಿ ಬುತ್ತಿ ಬಿಚ್ಚುತ್ತಿದ್ದೆ. ಮೇಜಿನ ಕೆಳಗೆ ನುಸುಳಿ ಅದರ ಕಾಲು ಹಿಡಿದುಕೊಳ್ಳಬೇಕೆಂದು ನಮಗೆ ಹಲವು ಸಲ ಅಭ್ಯಾಸ ಮಾಡಿಸಿದ್ದರು, ಉಳಿದವರೆಲ್ಲ ಹಾಗೆಯೇ ಮಾಡಿದರು. ನಾನು ಮಾತ್ರ ಬಾಗಿಲಿಗೆ ಓಡಿದೆ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ಗಣಪತಿಯನ್ನು ಕಳಿಸಿ ಬಂದು ಮಲಗಿದ್ದ ನಮ್ಮನ್ನು ಅಪ್ಪ ರಟ್ಟೆ ಹಿಡಿದು ಅಂಗಳಕ್ಕೆ ಎಳೆದುಹಾಕಿದ್ದು, ಆಮೇಲೆ ಇಡೀ ಓಣಿ ವಾರಗಟ್ಟಲೆ ಬಯಲಲ್ಲೇ ಮಲಗಿದ್ದು ನಿನಗೂ ನೆನಪಿರಬೇಕು. ಮಹಾರಾಷ್ಟ್ರದ ಕಿಲ್ಲಾರಿಯ ಆ ಭೂಕಂಪ ಕಲಿಸಿದ್ದನ್ನು ಕಾಲು ಮರೆತಿರಲಿಲ್ಲ.

ನಡುಕ ನಿಂತ ಮೇಲೆ ಸ್ಥಳೀಯ ಸಹೋದ್ಯೋಗಿಗಳು ಮೊದಲು ಆಡಿದ ಮಾತು ನನಗೆ ವಿಚಿತ್ರವಾಗಿ ಕೇಳಿಸಿತು. “ಇದು ಶಿಖರದ್ದಲ್ಲ, ಮಗ್ಗುಲಿನದು” ಎಂದರು, ಮನೆಯ ದನದ ಕೂಗನ್ನು ಗುರುತಿಸುವವರ ಹಾಗೆ. ಮಾತು ನಿಜವೇ ಆಗಿತ್ತು. ಒಳಗೆ ಹರಿದ ಶಿಲಾರಸದ ಒತ್ತಡಕ್ಕೆ ಪರ್ವತದ ದಕ್ಷಿಣದ ಮಗ್ಗುಲು, ಹಳೆಯ ಸಾಗರತಳದ ಮೇಲೆ ಸಮುದ್ರದ ಕಡೆಗೆ ಜಾರಿತ್ತು. ಅವರ ಎರಡನೆಯ ನೋಟ ಸಮುದ್ರದತ್ತ ಹೋಯಿತು. 1975ರಲ್ಲಿ ಇದೇ ಮಗ್ಗುಲು ಜಾರಿದಾಗ ಎದ್ದ ಸುನಾಮಿಯಲ್ಲಿ ಹಲಪೆ ತೀರದಲ್ಲಿ ಬೀಡುಬಿಟ್ಟಿದ್ದವರಲ್ಲಿ ಇಬ್ಬರು ತೀರಿಕೊಂಡಿದ್ದರು. ಈ ಸಲ ಸಣ್ಣ ಅಲೆಗಳಷ್ಟೇ ದಾಖಲಾದವು. ಹತ್ತು ನಿಮಿಷದೊಳಗೆ ಎಲ್ಲರೂ ಫೋನು ಹಿಡಿದು, ಎಷ್ಟು ಹೊತ್ತು ನಡುಗಿತು, ಏನೇನು ಬಿತ್ತು ಎಂದು ಅಮೆರಿಕದ ಭೂವೈಜ್ಞಾನಿಕ ಸಮೀಕ್ಷೆಯ ಫಾರಂ ತುಂಬತೊಡಗಿದರು.

ನಿಜವಾದ ಪರೀಕ್ಷೆ ಆಮೇಲೆ ಬಂತು. ನನ್ನ ಬಾಡಿಗೆ ಮನೆ ಇದ್ದದ್ದು ಶಿಖರದ ಪಕ್ಕದ ಹಳ್ಳಿಯಲ್ಲಿ. ಶಿಖರದಡಿಯ ಶಿಲಾರಸವೆಲ್ಲ ಸುಮಾರು 40 ಕಿಲೋಮೀಟರು ದೂರದ ಲೇಲಾನಿಯ ಕಡೆಗೆ ಬಸಿದುಹೋಗುತ್ತಿದ್ದುದರಿಂದ, ಆಧಾರ ತಪ್ಪಿದ ಹಲೆಮಾಉಮಾಉ ಕುಳಿ ಕಂತುಕಂತಾಗಿ ಕುಸಿಯತೊಡಗಿತು. ಮೇ ನಡುವಿನಿಂದ ಆಗಸ್ಟ್ 2ರವರೆಗೆ ಇಂಥ 62 ಕುಸಿತಗಳಾದವು. ದೊಡ್ಡ ಕುಸಿತವೆಂದರೆ 5ಕ್ಕೂ ಮೀರಿದ ಭೂಕಂಪಕ್ಕೆ ಸಮ. ಕುಸಿತಕ್ಕೆ ಮುಂಚಿನ ಗಂಟೆಗಳಲ್ಲಿ ಸಣ್ಣ ನಡುಕಗಳು ಹೆಚ್ಚುತ್ತ ಹೋಗುತ್ತಿದ್ದವು, ದೊಡ್ಡದೊಂದು ಆದೊಡನೆ ಎಲ್ಲವೂ ತಣ್ಣಗಾಗುತ್ತಿತ್ತು, ಕೆಲವು ಗಂಟೆಗಳ ನಂತರ ಮತ್ತೆ ಮೊದಲಿನಿಂದ ಶುರು.

ಪಕ್ಕದ ಮನೆಯ ಮುದುಕಿ ಪಿಂಗಾಣಿ ಬಟ್ಟಲುಗಳನ್ನೆಲ್ಲ ಕಪಾಟಿನಿಂದ ಇಳಿಸಿ, ನೆಲದ ಮೇಲೆ ಟವೆಲು ಹಾಸಿ, ಒಂದೊಂದರ ನಡುವೆಯೂ ಕಾಲುಚೀಲ ತುರುಕಿ ಇಟ್ಟಿದ್ದಳು. ಒಂದು ರಾತ್ರಿ ಹನ್ನೊಂದಕ್ಕೂ ಅವಳ ದೀಪ ಉರಿಯುತ್ತಿತ್ತು. ಹೋಗಿ ವಿಚಾರಿಸಿದರೆ, “ಅದು ಇನ್ನೂ ಬಿದ್ದಿಲ್ಲ, ಬಿದ್ದ ಮೇಲೆ ಮಲಗುತ್ತೇನೆ” ಎಂದಳು. ನಾವಿಬ್ಬರೂ ಚಹಾ ಕುಡಿಯುತ್ತ ಕುಳಿತೆವು. ಲೋಟದೊಳಗಿನ ಚಹಾ ಸಣ್ಣಗೆ ಅಲೆಯಾಡುತ್ತಿತ್ತು. ಕೊನೆಗೆ ಮನೆ ಒಮ್ಮೆ ಜಗ್ಗಿ ಬಿಟ್ಟಂತಾಯಿತು, ಹೊರಗಿನ ಮಳೆನೀರಿನ ತೊಟ್ಟಿಯಿಂದ ನೀರು ತುಳುಕಿದ ಸದ್ದು ಕೇಳಿಸಿತು. ಅವಳು ಟಾರ್ಚು ಹಿಡಿದು ತೊಟ್ಟಿ ಬಿರಿದಿಲ್ಲವೆಂದು ನೋಡಿಕೊಂಡು ಬಂದು, ದೀಪ ಆರಿಸಿದಳು. ಅಲ್ಲಿ ನಲ್ಲಿ ನೀರಿಲ್ಲ, ತೊಟ್ಟಿ ಹೋದರೆ ಕುಡಿಯಲೂ ನೀರಿರುವುದಿಲ್ಲ.

ಲೇಲಾನಿಯ ಜನ ಬಿರಿದ ರಸ್ತೆಯ ಸಂದಿಗಳಲ್ಲಿ ಟೀ ಎಂಬ ಗಿಡದ ಹಸಿರೆಲೆಗಳನ್ನು ಇಟ್ಟು ಜ್ವಾಲಾಮುಖಿಯ ದೇವಿ ಪೆಲೆಗೆ ಕೈಮುಗಿದರು. ಅವಳನ್ನು ಇಲ್ಲಿನವರು ತೂತೂ, ಅಂದರೆ ಅಜ್ಜಿ, ಎನ್ನುತ್ತಾರೆ. 700ಕ್ಕೂ ಹೆಚ್ಚು ಕಟ್ಟಡಗಳು ಲಾವಾದಡಿ ಹೋದರೂ ಅವಳನ್ನು ಬೈದವರನ್ನು ನಾನು ಕಾಣಲಿಲ್ಲ. ಇದನ್ನು ಮೂಢನಂಬಿಕೆ ಎಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಊರಮ್ಮನ ಜಾತ್ರೆ ಮಾಡುವ ನಮಗೆ ಅದು ಹೊಸದೂ ಅಲ್ಲ. ಆದರೆ ಅದೇ ಜನ ಎಲೆ ಇಟ್ಟು ಬಂದು ಜ್ವಾಲಾಮುಖಿ ವೀಕ್ಷಣಾಲಯದ ದಿನದ ವರದಿಯನ್ನೂ ತಪ್ಪದೆ ಓದುತ್ತಿದ್ದರು. ಎರಡಕ್ಕೂ ಅವರಲ್ಲಿ ಜಗಳವಿರಲಿಲ್ಲ.

ಆಗಸ್ಟ್‌ನಲ್ಲಿ ಕುಸಿತ ನಿಂತಾಗ ಕೆಲವು ರಾತ್ರಿ ನನಗೆ ನಿದ್ದೆಯೇ ಬರಲಿಲ್ಲ, ಇನ್ನೂ ಬಿದ್ದಿಲ್ಲವಲ್ಲ ಎಂದು ಕಾಯುತ್ತಿದ್ದೆ. ಅಷ್ಟೆಲ್ಲ ನಡುಗಿದರೂ ಒಂದು ಜೀವವೂ ಹೋಗಲಿಲ್ಲ. 6.2ರ ಕಿಲ್ಲಾರಿಯಲ್ಲಿ ಹೋದವರು ಸುಮಾರು 10,000. ನಸುಕಿನ ಹೊತ್ತು, ಮಲಗಿದ್ದ ಜನ, ತಲೆಯ ಮೇಲೆ ಕಲ್ಲುಮಣ್ಣಿನ ಮನೆ. ನನ್ನ ಬಾಡಿಗೆ ಮನೆ ಹಲಗೆಯದು, ಮೇಲೆ ತಗಡು. ಬಿದ್ದರೂ ಹೂತುಹಾಕುವಷ್ಟು ಭಾರ ಅದರಲ್ಲಿಲ್ಲ. ಸೋರದಿರಲೆಂದು ನಿಮ್ಮ ಮಾಳಿಗೆಯ ಮೇಲೆ ಪ್ರತಿ ವರ್ಷ ಮಣ್ಣು ಏರಿಸುತ್ತಿದ್ದೆವಲ್ಲ, ಅದನ್ನು ತೆಗೆಸಿದೆಯಾ? ಅವ್ವ ಇನ್ನೂ ಆ ಪಡಸಾಲೆಯಲ್ಲೇ ಮಲಗುತ್ತಾಳೇನು? ಮರೆಯದೆ ಬರೆ.

ನಿನ್ನ,
ಬಸವರಾಜ