ಆರನೆಯ ತರಗತಿಯ ಪೋಷಕರಿಗೆ: ಬೇಸಾಯದ ಹುಟ್ಟಿನ ಪಾಠದ ಕುರಿತು

ಮಾನ್ಯ ಪೋಷಕರೆ,

ಆರನೆಯ ತರಗತಿಯಲ್ಲಿ ಈಗ ನಡೆಯುತ್ತಿರುವ ಆದಿಮಾನವರ ಪಾಠದ ಕುರಿತು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಸಭೆಯಲ್ಲಿ ತಮ್ಮಲ್ಲಿ ಕೆಲವರು ಬೇಸರ ವ್ಯಕ್ತಪಡಿಸಿದ್ದೀರಿ. ಇನ್ನು ಕೆಲವರು ಶಾಲೆಗೇ ಬಂದು ನನ್ನೊಡನೆ ಮಾತನಾಡಿದ್ದೀರಿ. ಮಕ್ಕಳನ್ನು ಮಂಡಿಯೂರಿಸಿ ಕಲ್ಲಿನ ಮೇಲೆ ಹುರುಳಿ ಅರೆಸಿದ್ದರಿಂದ ಒಬ್ಬ ಬಾಲಕಿಯ ಮೊಣಕಾಲು ತರಚಿತು ಎಂಬುದು ಒಂದು ದೂರು. “ಒಕ್ಕಲುತನ ಶುರು ಮಾಡಿದ ಮೇಲೆಯೇ ಮನುಷ್ಯ ಕೆಟ್ಟನಂತೆ” ಎಂದು ಹುಡುಗನೊಬ್ಬ ಹೊಲಕ್ಕೆ ಹೊರಟಿದ್ದ ತಂದೆಯ ಮುಂದೆ ನುಡಿದನು ಎಂಬುದು ಇನ್ನೊಂದು.

ಮೊದಲನೆಯದಕ್ಕೆ ಉತ್ತರ ಚಿಕ್ಕದು. ಗಾಯಕ್ಕೆ ಅಂದೇ ಔಷಧಿ ಹಚ್ಚಲಾಗಿದೆ. ಇನ್ನು ಮುಂದೆ ಮೊಣಕಾಲಿನಡಿ ಗೋಣಿಚೀಲ ಹಾಸಿಯೇ ಈ ಚಟುವಟಿಕೆ ನಡೆಯುತ್ತದೆ. ಎರಡನೆಯದಕ್ಕೆ ತುಸು ವಿವರವಾಗಿ ಬರೆಯಬೇಕಾಗಿದೆ, ಏಕೆಂದರೆ ಈ ಶಾಲೆಯ ಬಹುಪಾಲು ಮಕ್ಕಳು ರೈತರ ಮನೆಯವರು, ಮತ್ತು ತಮಗಾದ ನೋವನ್ನು ನಾನು ಸಣ್ಣದೆಂದು ತಿಳಿದಿಲ್ಲ.

ನಮ್ಮ ಸಮಾಜ ವಿಜ್ಞಾನ ಶಿಕ್ಷಕರು ರೈತರ ಬಗ್ಗೆಯಾಗಲಿ ಬೇಸಾಯದ ಬಗ್ಗೆಯಾಗಲಿ ಹಗುರವಾಗಿ ಮಾತನಾಡಿಲ್ಲ. ಮಕ್ಕಳ ನೋಟ್‌ಬುಕ್‌ಗಳನ್ನು ತರಿಸಿ ನೋಡಿದ್ದೇನೆ. ಬೇಟೆಯಾಡಿ, ಗೆಡ್ಡೆಗೆಣಸು ಅಗೆದು, ಹಣ್ಣುಕಾಯಿ ಆಯ್ದು ಬದುಕುತ್ತಿದ್ದವರು ಬಿತ್ತಿ ಬೆಳೆಯಲು ತೊಡಗಿದಾಗ ಬದುಕು ಒಮ್ಮೆಲೇ ಹಗುರವಾಗಲಿಲ್ಲ, ಎಷ್ಟೋ ತಲೆಮಾರುಗಳ ಕಾಲ ದುಡಿಮೆ ಹೆಚ್ಚಿತು, ತಟ್ಟೆಯಲ್ಲಿ ಬೀಳುವ ಆಹಾರದ ಬಗೆ ಕಡಿಮೆಯಾಯಿತು ಎಂಬುದಷ್ಟೇ ಅವರು ಬರೆಸಿರುವ ಮಾತು. ಮಾನವನು ಬೇಸಾಯ ಕಲಿತು ನೆಮ್ಮದಿಯಾಗಿ ನೆಲೆನಿಂತನು ಎಂದು ನಾವೆಲ್ಲ ಚಿಕ್ಕಂದಿನಲ್ಲಿ ಒಂದೇ ವಾಕ್ಯದಲ್ಲಿ ಉರುಹೊಡೆದವರಾದ್ದರಿಂದ ಇದು ಕಿವಿಗೆ ಒರಟಾಗಿ ಕೇಳಿಸುವುದು ಸಹಜ.

ಆದರೆ ಇದು ಅವರ ಸ್ವಂತ ಕಲ್ಪನೆಯಲ್ಲ. ಸಿರಿಯಾ ದೇಶದ ಯೂಫ್ರಟಿಸ್ ನದಿಯ ದಂಡೆಯಲ್ಲಿದ್ದ ಅಬು ಹುರೇರಾ ಎಂಬ ಪ್ರಾಚೀನ ಹಳ್ಳಿಯ ನೆಲೆಯನ್ನು, ಅದು ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗುವ ಮುನ್ನ, 1972 ಮತ್ತು 1973ರಲ್ಲಿ ಉತ್ಖನನ ಮಾಡಲಾಯಿತು. ಅಲ್ಲಿ ದೊರೆತ ಅಸ್ಥಿಪಂಜರಗಳಲ್ಲಿ, ಅದರಲ್ಲೂ ಹೆಂಗಸರದರಲ್ಲಿ, ಕಾಲ್ಬೆರಳು, ಮೊಣಕಾಲು ಮತ್ತು ಸೊಂಟದ ಮೂಳೆಗಳು ಸವೆದು ವಿಕಾರಗೊಂಡಿದ್ದವು. ಕಾಲ್ಬೆರಳನ್ನು ಹಿಂದಕ್ಕೆ ಮಡಿಸಿ, ಮಂಡಿಯೂರಿ, ತಾಸುಗಟ್ಟಲೆ ಮುಂದಕ್ಕೂ ಹಿಂದಕ್ಕೂ ಬಾಗುತ್ತ ಕಾಳು ಅರೆದವರ ಮೂಳೆಗಳವು. ನಮ್ಮ ಮಕ್ಕಳು ಒಂದು ಹಿಡಿ ಹುರುಳಿಯನ್ನು ಅರೆಯುವುದರೊಳಗೆ ಸುಸ್ತಾದರಲ್ಲ, ಆ ಚಟುವಟಿಕೆಯ ಉದ್ದೇಶವೇ ಅದಾಗಿತ್ತು. ಹಲ್ಲಿನ ಹುಳುಕು ಹೆಚ್ಚಿದ್ದು, ಜನರ ಎತ್ತರ ಕುಗ್ಗಿದ್ದು ಜಗತ್ತಿನ ಇನ್ನೂ ಹಲವು ಆರಂಭಿಕ ಬೇಸಾಯದ ನೆಲೆಗಳಲ್ಲಿ ಕಂಡುಬಂದಿದೆ.

ಹಾಗಾದರೆ ಬೇಸಾಯಕ್ಕೆ ಬಂದದ್ದಾದರೂ ಏಕೆ ಎಂದು ಒಬ್ಬ ಪೋಷಕರು ನನ್ನನ್ನು ಕೇಳಿದರು. ತರಗತಿಯಲ್ಲಿ ಮಕ್ಕಳು ಕೇಳಿದ ಪ್ರಶ್ನೆಯೂ ಇದೇ. ಸುಮಾರು 11,700 ವರ್ಷಗಳ ಹಿಂದೆ ಹಿಮಯುಗ ಮುಗಿದು ಹವೆ ಬೆಚ್ಚಗಾಗಿ, ಮಳೆ ಚಳಿಗಳು ಒಂದು ಹದಕ್ಕೆ ಬಂದದ್ದು ಒಂದು ಕಾರಣ. ಒಂದೇ ಕಡೆ ನೆಲೆನಿಂತವರಿಗೆ ಮಕ್ಕಳು ಹೆಚ್ಚಿದವು, ಸುತ್ತಲ ಬೇಟೆ ಕಡಿಮೆಯಾಯಿತು, ಆಮೇಲೆ ಹಿಂದಿರುಗುವ ದಾರಿಯೇ ಉಳಿಯಲಿಲ್ಲ. ಯಾರೋ ಒಬ್ಬರು ಒಂದು ದಿನ ಕುಳಿತು ತೀರ್ಮಾನಿಸಿದ ಬದಲಾವಣೆ ಇದಲ್ಲ. ಕಾಡುಗೋಧಿಯ ತೆನೆ ಮಾಗಿದೊಡನೆ ಉದುರಿಹೋಗುತ್ತದೆ. ಉದುರದೆ ತೆನೆಯಲ್ಲೇ ನಿಂತ ಕಾಳು ಮಾತ್ರ ಕೊಯ್ದವರ ಬುಟ್ಟಿ ಸೇರಿ ಮರುವರ್ಷ ಬಿತ್ತನೆಯಾಗುತ್ತಿತ್ತು. ಹೀಗೆ ಉದುರದ ತಳಿ ನೆಲೆಗೊಳ್ಳಲು ಸಾವಿರ ವರ್ಷಕ್ಕೂ ಹೆಚ್ಚು ಹಿಡಿಯಿತು. ಹುರುಳಿಯದೂ ಇಂಥದೇ ಕಥೆ. ಕಾಡುಹುರುಳಿಯ ಸಿಪ್ಪೆ ದಪ್ಪ. ಒಂದೇ ಮಳೆಗೆ ಎಲ್ಲ ಕಾಳೂ ಮೊಳೆತು, ಮುಂದೆ ಮಳೆ ಕೈಕೊಟ್ಟರೆ ಸಂತತಿಯೇ ಅಳಿಯಬಾರದೆಂಬ ಪ್ರಕೃತಿಯ ಏರ್ಪಾಡು ಅದು. ಭಾರತದ ಹಳೆಯ ನೆಲೆಗಳಲ್ಲಿ ಸಿಕ್ಕ ಹುರುಳಿ ಕಾಳುಗಳನ್ನು ಕ್ಷ-ಕಿರಣದಲ್ಲಿ ಪರೀಕ್ಷಿಸಿದಾಗ, ರೈತರು ಬಿತ್ತುತ್ತ ಬಂದಂತೆ ಆ ಸಿಪ್ಪೆ ತೆಳುವಾಗುತ್ತ ಹೋದದ್ದು ಕಂಡಿದೆ.

ಈ ಪಾಠಕ್ಕೆ ದೂರದ ದೇಶಗಳ ಉದಾಹರಣೆಯೇ ಬೇಕೆಂದೇನಿಲ್ಲ. ಬಳ್ಳಾರಿಯ ಮಗ್ಗುಲಲ್ಲಿಯೇ ಸಂಗನಕಲ್ಲು ಇದೆ. 1870ರ ದಶಕದಲ್ಲಿ ಬ್ರಿಟಿಷ್ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಗುರುತಿಸಿದ ಆ ಗುಡ್ಡಗಳಲ್ಲಿ ಸುಮಾರು 4,000 ವರ್ಷಗಳ ಹಿಂದೆ ದನ ಸಾಕಿ, ಬೆಳೆ ತೆಗೆದು, ಕಲ್ಲಿನ ಕೊಡಲಿ ಕಡೆದವರು ಬದುಕಿದ್ದರು. ಅವರು ಅರೆದು ಅರೆದು ಗುಳಿ ಬಿದ್ದ ಬಂಡೆಗಳನ್ನು ಇಂದಿಗೂ ಕೈಯಿಂದ ಮುಟ್ಟಿ ನೋಡಬಹುದು. ಅಲ್ಲಿನ ಸುಟ್ಟ ಕಾಳುಗಳಲ್ಲಿ ಮುಖ್ಯವಾದವು ಕೊರಲೆ ಎಂಬ ಕಿರುಧಾನ್ಯ, ಹುರುಳಿ ಮತ್ತು ಹೆಸರು. ನಾವು ನಿತ್ಯ ಬಡಿಯುವ ರೊಟ್ಟಿಯ ಜೋಳವೂ, ರಾಗಿ ಸಜ್ಜೆಗಳೂ ಮೂಲತಃ ಆಫ್ರಿಕಾ ಖಂಡದ ಬೆಳೆಗಳೆಂದು ತಿಳಿದಾಗ ಮಕ್ಕಳಿಗಾದ ಆಶ್ಚರ್ಯ ನನಗೂ ಆಗಿತ್ತು.

ನಮ್ಮ ಭಾಗದಲ್ಲಿ ದನ ಮೊದಲು, ಹೊಲ ಆಮೇಲೆ ಎಂಬುದು ಹಲವು ವಿದ್ವಾಂಸರ ಅಭಿಪ್ರಾಯ. ಕುಡತಿನಿಯ ಬಳಿ ಇರುವಂಥ ಬೂದಿದಿಬ್ಬಗಳು ಅದಕ್ಕೆ ಸಾಕ್ಷಿ: ದನದ ದೊಡ್ಡಿಯಲ್ಲಿ ರಾಶಿಬಿದ್ದ ಸಗಣಿಯನ್ನು ಮತ್ತೆ ಮತ್ತೆ ಸುಟ್ಟು ಆದ ದಿಬ್ಬಗಳಿವು. ಈಗ ತೆಲಂಗಾಣದಲ್ಲಿರುವ ಉಟ್ನೂರಿನ ಬೂದಿದಿಬ್ಬವನ್ನು 1957ರಲ್ಲಿ ಅಗೆದಾಗ ದೊಡ್ಡಿಯ ನೆಲದಲ್ಲಿ ದನಗಳ ಗೊರಸಿನ ಗುರುತುಗಳೇ ಸಿಕ್ಕವು. ಹಂಪಿಯ ಹತ್ತಿರದ ನಿಂಬಾಪುರದ ದಿಬ್ಬವನ್ನು ಜನ ವಾಲಿಯ ಚಿತಾಭಸ್ಮವೆಂದು ನಂಬುತ್ತಾರೆ. ಶಿಕ್ಷಕರು ಆ ಕಥೆಯನ್ನೂ ಮಕ್ಕಳಿಗೆ ಹೇಳಿದ್ದಾರೆ, ಅಲ್ಲಗಳೆದಿಲ್ಲ.

ಮತ್ತೊಮ್ಮೆ ಸ್ಪಷ್ಟವಾಗಿ ತಿಳಿಸುತ್ತೇನೆ. ಒಕ್ಕಲುತನ ಕೆಟ್ಟದ್ದು ಎಂದು ಈ ಶಾಲೆಯಲ್ಲಿ ಯಾರೂ ಕಲಿಸಿಲ್ಲ, ಕಲಿಸುವುದೂ ಇಲ್ಲ. ಮೊದಲ ಒಕ್ಕಲಿಗರು ಬಹಳ ಕಷ್ಟಪಟ್ಟರು ಎಂದು ಕಲಿಸಿದ್ದೇವೆ. ಇವೆರಡೂ ಬೇರೆ ಬೇರೆ ಮಾತುಗಳು. ಹನ್ನೊಂದು ವರ್ಷದ ಮಗು ಮನೆಗೆ ಬರುವಷ್ಟರಲ್ಲಿ ಒಂದು ಇನ್ನೊಂದಾಗಿ ಹೋಗಿದ್ದರೆ ಅದಕ್ಕೆ ಮಗುವನ್ನು ಗದರಬೇಡಿರೆಂದು ಕೋರುತ್ತೇನೆ. ಮಳೆ ನಂಬಿ ಸಾಲ ಮಾಡಿ ಬಿತ್ತುವ ತಮಗೆ ಬೇಸಾಯದ ಕಷ್ಟವನ್ನು ಶಾಲೆಯವರು ಹೇಳಿಕೊಡಬೇಕಾಗಿಲ್ಲ. ಆ ಕಷ್ಟ ಎಷ್ಟು ಹಳೆಯದು ಎಂಬುದನ್ನು ತಮ್ಮ ಮಕ್ಕಳು ತಿಳಿಯಲಿ ಎಂಬುದಷ್ಟೇ ನಮ್ಮ ಇಚ್ಛೆ. ಆದ್ದರಿಂದ ಪಾಠವನ್ನು ಕೈಬಿಡಬೇಕೆಂಬ ಬೇಡಿಕೆಯನ್ನು ಒಪ್ಪಲು ಸಾಧ್ಯವಿಲ್ಲ. ತರಗತಿಯಲ್ಲಿ ಕುಳಿತು ಕೇಳಬಯಸುವ ಪೋಷಕರು ಯಾವ ದಿನ ಬೇಕಾದರೂ ಬರಬಹುದು. ಬಂದವರು ಬಿತ್ತನೆಯ ಬಗ್ಗೆ ನಾಲ್ಕು ಮಾತು ಹೇಳಿದರೆ ಶಿಕ್ಷಕರಿಗೂ ಸಂತೋಷ.

ಮುಂದಿನ ವಾರ ಮಕ್ಕಳನ್ನು ಸಂಗನಕಲ್ಲಿಗೂ, ಬಳ್ಳಾರಿಯಲ್ಲಿ ಫೂಟ್ ಅವರ ಹೆಸರಿನಲ್ಲಿರುವ ವಸ್ತುಸಂಗ್ರಹಾಲಯಕ್ಕೂ ಕರೆದೊಯ್ಯಲಿದ್ದೇವೆ. ಬಿಸಿಲೇರುವ ಮುನ್ನ ಗುಡ್ಡ ಇಳಿಸಲಾಗುವುದು. ಇಬ್ಬರು ಶಿಕ್ಷಕಿಯರು ಜೊತೆಗಿರುತ್ತಾರೆ. ಇದರೊಂದಿಗಿರುವ ಒಪ್ಪಿಗೆ ಪತ್ರಕ್ಕೆ ಸಹಿ ಮಾಡಿ ಶನಿವಾರದೊಳಗೆ ಮಗುವಿನ ಕೈಯಲ್ಲಿ ಕಳುಹಿಸಿಕೊಡಿ.

ಇಂತಿ ತಮ್ಮ ವಿಶ್ವಾಸಿ,
ಮುಖ್ಯ ಶಿಕ್ಷಕರು