ನಾರಿಹಳ್ಳಕ್ಕೆ ಗಾಜಿನ ಸೇತುವೆ ಬೇಡ, ಕಾಲುದಾರಿ ಸಾಕು: ಬಳ್ಳಾರಿ ಜಿಲ್ಲಾಧಿಕಾರಿಗಳಿಗೆ ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳಿಗೆ ನಮಸ್ಕಾರ.

ಸಂಡೂರನ್ನು ಸೆಪ್ಟೆಂಬರ್‌ನಲ್ಲಿ ನೋಡಬೇಕು ಅಂತ ಗಾಂಧೀಜಿ ಹೇಳಿದ್ದರಂತೆ. ಅವರು 1934ರಲ್ಲಿ ಬಂದು ಹೋದರು, ನಾವು ಆ ಮಾತನ್ನು ಇನ್ನೂ ಬಿಟ್ಟಿಲ್ಲ. ಮಳೆಗಾಲದ ಭಾನುವಾರ ಬಂತೆಂದರೆ ಸಾಕು, ಬಳ್ಳಾರಿ, ಹೊಸಪೇಟೆ ಕಡೆಯಿಂದ ಬೈಕು, ಕಾರು ಬರುತ್ತಲೇ ಇರುತ್ತವೆ. ತಾರಾನಗರದ ನಾರಿಹಳ್ಳ ಜಲಾಶಯ, ನೀರಿನ ತನಕ ಇಳಿದ ಹಸಿರು ಗುಡ್ಡ. ಬಳ್ಳಾರಿ ಅಂದರೆ ಬಿಸಿಲು, ಧೂಳು ಅಂದುಕೊಂಡವರಿಗೆ ನಂಬೋದೇ ಕಷ್ಟ.

ಬರುವವರು ಬರಲಿ. ಆದರೆ ಗುಡ್ಡದಲ್ಲಿ ಯಾರಿಗೆ ಎಲ್ಲಿ ತೋಚುತ್ತದೋ ಅಲ್ಲಿ ಹತ್ತುತ್ತಾರೆ, ಇಳಿಯುವಾಗ ನೀರು ಕಂಡ ಕಡೆಗೆ ಸೀದಾ ಇಳಿಯುತ್ತಾರೆ. ನಾಲ್ಕು ಜನ ತುಳಿದ ಕಡೆ ಹುಲ್ಲು ಹೋಗುತ್ತದೆ. ಮುಂದಿನ ಮಳೆಗೆ ಅಲ್ಲೊಂದು ಕೊರಕಲು. ಕೆಮ್ಮಣ್ಣು ಕೊಚ್ಚಿಕೊಂಡು ಹೋಗಿ ಕೆರೆಗೇ ಬೀಳುತ್ತದೆ, ಹೂಳಾಗುತ್ತದೆ. ಬೇರು ಹೊರಗೆ ಬಿದ್ದ ಗಿಡಗಳನ್ನು ಹಿಡಿದುಕೊಂಡೇ ಮುಂದಿನವರು ಹತ್ತುತ್ತಾರೆ! ಇದಕ್ಕೆ ದೊಡ್ಡ ಎಂಜಿನಿಯರಿಂಗ್ ಏನೂ ಬೇಡ. ಒಂದು ಕಾಲುದಾರಿ ಮಾಡಿಸಿ, ಅದು ಗುಡ್ಡವನ್ನು ಸುತ್ತಿಕೊಂಡು ಓರೆಯಾಗಿ ಹೋಗಬೇಕು. ಅಲ್ಲಲ್ಲಿ ಅಡ್ಡಗಲ್ಲು ಇಟ್ಟರೆ ನೀರು ದಾರಿಗುಂಟ ಹರಿಯದೆ ಪಕ್ಕಕ್ಕೆ ಸರಿಯುತ್ತದೆ. ಕಲ್ಲು ಅಲ್ಲೇ ಇದೆ, ಕೆಲಸ ಬಲ್ಲವರು ಊರಲ್ಲೇ ಇದ್ದಾರೆ.

ಪ್ರವಾಸಿ ತಾಣ ಅಂದ ಕೂಡಲೇ ಗಾಜಿನ ಸೇತುವೆ, ಟೈಲ್ಸ್, ಬಣ್ಣದ ಲೈಟು ಯಾರಿಗಾದರೂ ನೆನಪಾಗೇ ಆಗುತ್ತದೆ. ದಯವಿಟ್ಟು ಬೇಡ. ಅದಿರಿಗಾಗಿ ಅಗೆಸಿಕೊಂಡು ಸಾಕಾಗಿರುವ ಗುಡ್ಡಗಳಿವು. 2011ರಲ್ಲಿ ಸುಪ್ರೀಂ ಕೋರ್ಟೇ ಜಿಲ್ಲೆಯ ಗಣಿಗಾರಿಕೆಗೆ ತಡೆ ಹಾಕಬೇಕಾಯಿತು, ಅಲ್ವಾ? ಉಳಿದ ಕಾಡಿಗೆ ಮತ್ತೆ ಜೆಸಿಬಿ ಯಾಕೆ? ಕೆರೆ ಕಾಣುವ ಎರಡು ಮೂರು ಕಡೆ ಕೂರಲು ಕಲ್ಲು ಬೆಂಚು, ಕೆಳಗೆ ಪಾರ್ಕಿಂಗ್ ಹತ್ತಿರ ಶೌಚಾಲಯ, ನೀರಿಗಿಳಿಯಬೇಡಿ ಎನ್ನುವ ಬೋರ್ಡು. ಇಷ್ಟು ಸಾಕು. ಗಣಿಬಾಧಿತ ಊರುಗಳಿಗೆಂದೇ ಇರುವ ಖನಿಜ ಪ್ರತಿಷ್ಠಾನದ ನಿಧಿಯಲ್ಲಿ ಇದು ಜಾಸ್ತಿ ಖರ್ಚೇನಲ್ಲ.

ಸಮಯವನ್ನೂ ಗೊತ್ತು ಮಾಡಿ. ಕರಡಿ, ಚಿರತೆ ಓಡಾಡುವ ಕಾಡು ಇದು. ಬೆಳಕು ಹರಿದ ಮೇಲೆ ಬಿಟ್ಟು, ಸಂಜೆ ಹೊತ್ತು ಮುಳುಗುವ ಮೊದಲೇ ಎಲ್ಲರನ್ನೂ ಕೆಳಗಿಳಿಸಬೇಕು. ತಾರಾನಗರದ ಹುಡುಗ ಹುಡುಗಿಯರಿಗೆ ಅರಣ್ಯ ಇಲಾಖೆಯಿಂದ ತರಬೇತಿ ಕೊಡಿಸಿ ಗೈಡ್ ಮಾಡಿ. ಕುರಿಂಜಿ ಅರಳಿದ ವರ್ಷ ಅವರು ಬೇಕೇ ಬೇಕು. ಆ ಗಿಡ ಎಷ್ಟೋ ವರ್ಷಕ್ಕೊಮ್ಮೆ ಹೂ ಬಿಟ್ಟು, ಬೀಜ ಕಟ್ಟಿ ಒಣಗಿಹೋಗುತ್ತದೆ. ಸೆಲ್ಫಿಗೆ ಅಂತ ಹೂ ಕಿತ್ತರೆ ಬೀಜ ಎಲ್ಲಿಂದ ಬರಬೇಕು?

ಕಡತ ತೆರೆಯುವ ಮೊದಲು ಅರಣ್ಯ ಅಧಿಕಾರಿಗಳನ್ನು ಕರೆದುಕೊಂಡು ಒಮ್ಮೆ ನಡೆದು ನೋಡಿ. ಮಳೆ ಬಿದ್ದ ಮಾರನೇ ದಿನವೇ ಬನ್ನಿ, ಕೊರಕಲು ಚೆನ್ನಾಗಿ ಕಾಣುತ್ತವೆ. ಹಳೇ ಚಪ್ಪಲಿ ಇರಲಿ, ಇಲ್ಲಿನ ಕೆಸರಿನ ಕಲೆ ಸುಮ್ನೆ ಹೋಗಲ್ಲ.

ಇಂತಿ,
ಸಂಡೂರಿನ ಒಬ್ಬ ನಿವಾಸಿ